ಹಂಪಮ್ಮ ಹೇಳಿದ ಹೆಸರು

ಹಂಪಮ್ಮನಿಗೆ ಕೇಳುವ ಚಟ. ಕೆಲವರಿಗೆ ತಂಬಾಕು ಇರುತ್ತದೆ, ಕೆಲವರಿಗೆ ಚಹಾ. ಇವಳಿಗೆ ಕೇಳಬೇಕು. ವನದುರ್ಗದಲ್ಲಿ ಬಸ್ ಹತ್ತಿದರೆ ಶಹಾಪುರ ಬರುವುದರೊಳಗೆ ಪಕ್ಕ ಕೂತವರ ಊರು, ಮನೆತನ, ಮೊಣಕಾಲು ನೋವು, ಮಗಳನ್ನು ಕೊಟ್ಟ ಮನೆ, ಎಲ್ಲಾ ಇವಳಿಗೆ ಗೊತ್ತಾಗಿರುತ್ತಿತ್ತು. ಗೊತ್ತಾಗಿ ಮಾಡುವುದೇನೂ ಇಲ್ಲ. ಗೊತ್ತಾಗಬೇಕು, ಅಷ್ಟೇ.

ಗಂಡ ಮಲ್ಕಪ್ಪ ಕೆನಾಲಿನ ಲಸ್ಕರ್. ದೊಡ್ಡ ಕೆನಾಲಿನಿಂದ ಸಣ್ಣದು ಒಡೆಯುವ ಕಡೆ ಗೇಟ್ ಏರಿಸುವುದು, ಇಳಿಸುವುದು ಅವನ ಕೆಲಸ. ಗೇಟಿನ ಪಕ್ಕದ ಒಂದು ಖೋಲಿಯೇ ಮನೆ. "ಈ ಗೇಟ್ ಇಳಿಸಿದ್ರ ನೀರು ನಿಲ್ತದ. ಇಕಿ ಬಾಯಿಗೆ ಯಾವ ಗೇಟ್ ಹಚ್ಚಲ್ರಿ?" ಎಂದು ಬಂದ ಸಾಹೇಬರ ಮುಂದೆಯೂ ಅನ್ನುತ್ತಿದ್ದ. ಅಂದು ತಾನೇ ನಗುತ್ತಿದ್ದ. ರೈತರು ಆ ಜಾಗಕ್ಕೆ ಮಲ್ಕಪ್ಪನ ಗೇಟ್ ಅಂತಲೇ ಕರೆಯುತ್ತಿದ್ದರು. ಅವನು ಹೋದ ಮೇಲೂ ಹಾಗೇ ಕರೆಯುತ್ತಾರೆ.

ಅವನು ಹೋಗಿ ವರ್ಷ ತುಂಬಿರಲಿಲ್ಲ. ಎದೆ ಹಿಡಿಯಿತು ಅಂದ, ಕೂತ, ಮುಗಿಯಿತು. ಖೋಲಿ ಬಿಡು ಅಂತ ಇನ್ನೂ ಯಾರೂ ಹೇಳಿರಲಿಲ್ಲ. ಸಾವು ಬರೆಸಲು ಹೋದಾಗ ಆಫೀಸಿನಲ್ಲಿ "ಸತ್ತವರ ಹೆಸರು?" ಅಂದರು. ಹಂಪಮ್ಮ ಅಕ್ಕಪಕ್ಕ ನೋಡಿದಳು. ಹೇಳುವವರು ಯಾರೂ ಇರಲಿಲ್ಲ. "ಮಲ್ಕಪ್ಪ" ಅಂದಳು. ಬದುಕಿದ್ದಾಗ ಒಮ್ಮೆಯೂ ಬರಿಬಾಯಿಂದ ಆ ಹೆಸರು ಹಿಡಿದವಳಲ್ಲ. ಹಿಡಿಯಬಾರದು. ನಾಲ್ಕು ಹೆಂಗಸರು ಬಾಗಿಲು ಅಡ್ಡಗಟ್ಟಿ ಕೇಳಿದಾಗ ಒಂದು ಒಡಪು ಕಟ್ಟಿ, ಅದರ ಮಡಿಲಲ್ಲಿ ಹೆಸರು ಇಟ್ಟು ಹೇಳಬೇಕು. ಸರಕಾರದವರು ಕೇಳಿದರೆ ಪಕ್ಕದಾಕೆ ಹೇಳುತ್ತಾಳೆ. ಊರಲ್ಲಿ ಎಲ್ಲರದೂ ಹೀಗೇ. ಇನ್ನು ಇವಳಿಗೆ ಆ ಕಟ್ಟಿಲ್ಲ. ಬೇಕಾದಷ್ಟು ಸಲ ಹೇಳಬಹುದು. ಆದರೆ ಯಾರದೋ ಹೆಸರು ಹೇಳಿದಂತಾಗಿ, ಆಮೇಲೆ ಹೇಳಲಿಲ್ಲ.

ನೀರು ಬಂದ ಮೇಲೆ ಈ ಕಡೆ ಹತ್ತಿ ಬಂತು, ಮೆಣಸಿನಕಾಯಿ ಬಂತು, ಭತ್ತ ಬಂತು. ಅವುಗಳ ಹಿಂದೆ ಗಂಟು ಕಟ್ಟಿಕೊಂಡು ಮಂದಿ ಬಂದರು. ನೀರು ಮುಟ್ಟದ ಊರಿನ ಮಂದಿ. ಹತ್ತಿ ಬಿಡಿಸುವ ಕಾಲಕ್ಕೆ ಕೆನಾಲ್ ಏರಿಯ ಮೇಲೆ ತಾಡಪತ್ರಿ ಗುಡಿಸಲು ಏಳುತ್ತವೆ. ಹತ್ತಿ ಮುಗಿದ ಮೇಲೆ ಒಲೆಯ ಕಲ್ಲು ಉಳಿಯುತ್ತವೆ.

ಆ ವರ್ಷ ಬಂದವರಲ್ಲಿ ಮೋನಮ್ಮ ಒಬ್ಬಳು. ರಾಮಸಮುದ್ರದ ಆಚೆಯವಳು, ಕುರಿ ಸಾಕುವ ಮನೆತನ. ಜೊತೆಗೆ ಮಗಳು ಶೇಖಮ್ಮ, ಎಂಟೊಂಬತ್ತರ ಹುಡುಗಿ. ಎಲ್ಲರಿಗೂ ಅವಳು ಶೇಕಿ. ಗುಂಪಿನ ಮುಂದಾಳು ಸಾಬಣ್ಣ, ಗಟ್ಟಿ ಗಂಟಲಿನ ಮನುಷ್ಯ.

ಖೋಲಿಯ ಪಕ್ಕ ಬೋರಿಂಗ್ ಇತ್ತು. ಶೇಕಿ ಅಲ್ಲಿಗೆ ನೀರಿಗೆ ಬರುತ್ತಿದ್ದಳು. ಬಂದವಳು ಹೋಗುತ್ತಿರಲಿಲ್ಲ.

"ಆಯಿ, ಕೆನಾಲಿನ ನೀರು ಎಲ್ಲಿಂದ ಬರ್ತದ?"

"ನಾರಾಯಣಪುರ ಡ್ಯಾಮಿನಿಂದ."

"ಅಲ್ಲಿಗೆ ಎಲ್ಲಿಂದ?"

"ಕೃಷ್ಣಾ ಹೊಳಿಯಿಂದ."

"ಹೊಳಿಗೆ?"

"ಮಳಿಯಿಂದವ್ವ."

"ಹಂಗಾರ ನಮ್ಮೂರಾಗ ಬೀಳೋ ಮಳಿ ಎಲ್ಲಿಗೆ ಹೋಗ್ತದ? ಅದೂ ಇಲ್ಲಿಗೇ ಬರ್ತದೇನು?"

ಹಂಪಮ್ಮನಿಗೆ ಬಹಳ ದಿನದ ಮೇಲೆ ಮೈಯಲ್ಲಿ ಜೀವ ಆಡಿದಂತಾಯಿತು. ತನ್ನ ಹಾಗೆ ಕೇಳುವ ಜಾತಿಯದು ಒಂದು ಸಿಕ್ಕಿತು ಅಂದುಕೊಂಡಳು.

"ನಿಮ್ಮಪ್ಪನ್ನ ಕೇಳು ಹೋಗು."

"ಅಪ್ಪಗ ಏನ್ ಗೊತ್ತದ? ಬರೇ ಒದರತಾನ."

ಅಷ್ಟರಲ್ಲಿ ಏರಿಯ ಮೇಲಿಂದ ಸಾಬಣ್ಣ ಒದರಿದ. "ಶೇಕೀ! ಸತ್ತ್ಯಾ ಎಲ್ಲಿ?"

"ಬಂದೆ ಅಪ್ಪಾ!" ಎಂದು ಹುಡುಗಿ ಕೊಡ ಎತ್ತಿಕೊಂಡು ಓಡಿತು.

ಸಾಬಣ್ಣ ಮೋನಮ್ಮನ ಗಂಡ ಅಂತ ಹಂಪಮ್ಮ ಅಂದು ತಿಳಿದುಕೊಂಡಳು. ಊರ ಮಂದಿಯನ್ನೆಲ್ಲ ಕೇಳಿ ಕೇಳಿ ಹಣ್ಣು ಮಾಡುವ ಹೆಂಗಸು ಅದೊಂದನ್ನು ಕೇಳಲಿಲ್ಲ. ಕೇಳುವಂಥದ್ದೇನಿದೆ ಅದರಲ್ಲಿ?

ಒಂದು ಮುಂಜಾನೆ ಕೆನಾಲ್ ರಸ್ತೆಗೆ ಜೀಪ್ ಬಂತು. ಇಬ್ಬರು ಗಂಡಸರು, ಒಬ್ಬ ಮೇಡಮ್ಮ, ಒಬ್ಬ ಪೊಲೀಸ. ಜೀಪ್ ಕಂಡದ್ದೇ ಹೊಲದವನು ಜೋಳದೊಳಗೆ ಹೋದ, ಸಾಬಣ್ಣ ಅವನ ಹಿಂದೆ ಹೋದ. ಹತ್ತಿಯ ಸಾಲಿನಲ್ಲಿ ನಡುವಿಗೆ ಅರಿವೆ ಕಟ್ಟಿಕೊಂಡು ಶೇಕಿ ನಿಂತಿದ್ದಳು. ಕೈಯಲ್ಲಿ ಹತ್ತಿ ಇತ್ತು. ಇನ್ನು ಹೇಳುವುದೇನು?

ಹಂಪಮ್ಮ ಏನಾಯಿತು ನೋಡಲು ಏರಿ ಹತ್ತಿ ಬಂದಳು. ಬರದೇ ಇರುವುದುಂಟೆ?

"ಹದಿನಾಲ್ಕು ತುಂಬದ ಮಕ್ಕಳನ್ನ ಕೂಲಿಗೆ ಹಚ್ಚಬಾರದಮ್ಮ. ಕಾಯ್ದೆ ಅದ," ಎಂದಳು ಮೇಡಮ್ಮ.

"ಎಲ್ಲಿ ಇಡ್ಲಿರಿ?" ಅಂದಳು ಮೋನಮ್ಮ. "ಊರಾಗ ಮನಿಗೆ ಕೀಲಿ ಹಾಕಿ ಬಂದೀನಿ. ಕೂಸಿನ್ನ ಕೀಲಿ ಒಳಗ ಇಡ್ಲ್ಯಾ, ಹೊರಗ ಇಡ್ಲ್ಯಾ?"

ಮೇಡಮ್ಮ ಕೆಟ್ಟವಳಲ್ಲ. ಮಗುವನ್ನು ಯಾದಗಿರಿಗೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಯ್ಯುತ್ತೇವೆ, ನೀನು ಬಂದು ಬಿಡಿಸಿಕೊಂಡು ಹೋಗು ಅಂದಳು. "ಕೂಸಿನ ಅಪ್ಪನ ಹೆಸರು?"

ಮೋನಮ್ಮ ಸೆರಗು ಬಾಯಿಗೆ ಹಿಡಿದಳು.

"ಹೆಸರಮ್ಮಾ. ನಿನ್ನ ಗಂಡನ ಹೆಸರು."

ಮೋನಮ್ಮ ಅತ್ತ ಇತ್ತ ನೋಡಿದಳು. ಆ ನೋಟ ಹಂಪಮ್ಮನಿಗೆ ಗೊತ್ತು. ಹೆಂಗಸು ಹಾಗೆ ನೋಡಿದರೆ ಪಕ್ಕದಾಕೆ ಬಾಯಿ ಬಿಡಬೇಕು.

"ಸಾಬಣ್ಣ ಅಂತ ಬರಕೊಳ್ರಿ," ಅಂದಳು ಹಂಪಮ್ಮ.

"ಅಯ್ಯ ಶಿವನೇ!" ಎಂದು ಮೋನಮ್ಮ ಹಣೆ ಬಡಿದುಕೊಂಡಳು. ಮಗು ಹೋಗುತ್ತಿದೆ ಅಂತ ಬಡಿದುಕೊಂಡಳು ಅಂತ ಎಲ್ಲರೂ ತಿಳಿದರು. ಅವಳು ಅಲ್ಲ ಅನ್ನುವುದರೊಳಗೆ ಜೀಪ್ ಶುರುವಾಯಿತು. ಶೇಕಿ ಹಿಂದಿನ ಸೀಟಿನಿಂದ ಕತ್ತು ಹೊರಳಿಸಿ ನೋಡುತ್ತಾ ಹೋದಳು. ಅಳುತ್ತಿದ್ದಳು. ಅಳುತ್ತಲೇ ಪೊಲೀಸನನ್ನು ಏನೋ ಕೇಳುತ್ತಿದ್ದಳು.

ಧೂಳು ಇಳಿದ ಮೇಲೆ ಮೋನಮ್ಮ ಹಂಪಮ್ಮನ ಕಡೆ ತಿರುಗಿದಳು. "ನಿನ್ನ ನಾಲಿಗಿಗೆ ಕುರು ಏಳ್ಲಿ! ಯಾರಿಗೆ ಯಾರನ್ನ ಕಟ್ಟಿದಿಬೇ? ಅಂವ ನಮ್ಮ ಭಾವ, ಗಂಡನ ಅಣ್ಣ!"

"ಭಾವ? ಕೂಸು ಅಪ್ಪ ಅಂತದಲ್ಲ?"

"ಅವನ ಮಕ್ಕಳು ಅಂತಾವ, ಇದೂ ಅಂತದ. ಹೆತ್ತ ಅಪ್ಪಗ ಆ ಮಕ್ಕಳು ಕಾಕಾ ಅಂತಾವ, ಇದೂ ಕಾಕಾ ಅಂತದ. ಒಂದ ಮನ್ಯಾಗ ಬೆಳದದ್ದು. ನಿಮ್ಮ ಕಡಿ ಹಂಗಿಲ್ಲೇನು?"

ಇತ್ತು. ಹಂಪಮ್ಮನೇ ತನ್ನ ತಂದೆಗೆ ಅಣ್ಣ ಅಂತ ಕರೆದು ಬೆಳೆದವಳು.

"ಹಂಗಾರ ನಿನ್ನ ಗಂಡ ಯಾರು? ಎಲ್ಲಿದ್ದಾನ?"

"ಕುರಿ ಹಿಂದ ಹೋಗ್ಯಾನ. ಹೊಳಿ ಆಚಿ. ಭಾವನ ಮಕ್ಕಳೂ ಅವನ ಜೋಡಿ ಹೋಗ್ಯಾರ. ಇವತ್ತ ಒಂದು ಹೊಲ, ನಾಳಿ ಒಂದು ಹೊಲ. ಫೋನ್ ಹತ್ತಂಗಿಲ್ಲ."

"ಹೆಸರೇನು?"

ಮೋನಮ್ಮ ಕಣ್ಣು ಕೆಂಪಗೆ ಮಾಡಿ ನೋಡಿದಳು. "ಹೇಳಾಕ ಬರತದೇನ್ ನನಗ?"

ಯಾದಗಿರಿಯಿಂದ ಸುದ್ದಿ ಬಂತು. ಸುದ್ದಿ ಚೆನ್ನಾಗಿರಲಿಲ್ಲ. ಅಪ್ಪ ಅಯ್ಯಣ್ಣ ಅಂತ ಹುಡುಗಿ ಹೇಳಿದೆ, ಏರಿಯ ಮೇಲೆ ಸಾಬಣ್ಣ ಅಂತ ಹೇಳಿದ್ದಾರೆ. ಸಮಿತಿಯವರು ಊರಿಗೆ ಫೋನ್ ಮಾಡಿದರೆ ಅಂಗನವಾಡಿಯಾಕೆ, "ಆ ಮನಿ ಹುಡುಗ್ರೆಲ್ಲ ಸಾಬಣ್ಣಗ ಅಪ್ಪ ಅಂತಾವ್ರಿ, ಯಾವುದು ಯಾರದೋ" ಅಂದಳು. ರೇಷನ್ ಕಾರ್ಡ್ ಒಟ್ಟು ಮನೆಯದು, ಅದರ ಯಜಮಾನನೂ ಸಾಬಣ್ಣನೇ. ಆ ಸಾಬಣ್ಣ ಕೇಸಿಗೆ ಹೆದರಿ ಕಣ್ಣಿಗೆ ಬೀಳುತ್ತಿಲ್ಲ. ಸುಳ್ಳು ಅಪ್ಪ, ಸುಳ್ಳು ಅವ್ವ ಮಾಡಿ ಯಾರೋ ಮಕ್ಕಳನ್ನು ಕೂಲಿಗೆ ತರುತ್ತಿದ್ದಾರೆ ಅಂತ ಅನುಮಾನ ಬಂತು. ಶುಕ್ರವಾರದೊಳಗೆ ಯಾರ ಮಗು ಅಂತ ತಿಳಿಯದಿದ್ದರೆ ಹುಡುಗಿಯನ್ನು ದೂರದ ದೊಡ್ಡ ಹಾಸ್ಟೆಲಿಗೆ ಕಳಿಸುತ್ತಾರಂತೆ.

ಶುಕ್ರವಾರ ಮೋನಮ್ಮ ಬಸ್ ಹತ್ತಿದಳು. ಹಂಪಮ್ಮನೂ ಹತ್ತಿದಳು.

"ನೀ ಯಾಕ?"

"ಕೆಡಿಸಿದಾಕಿ ನಾನ. ನಾ ಬ್ಯಾಡೇನು?"

ಮೋನಮ್ಮ ಕಿಟಕಿ ಕಡೆ ಮುಖ ಮಾಡಿ ಕೂತಳು. ಶಹಾಪುರದ ಗುಡ್ಡ ಬಂತು, ಹೋಯಿತು. ಭೀಮಾ ಸೇತುವೆ ಬಂತು, ಹೋಯಿತು. ಹಂಪಮ್ಮ ಯಾರನ್ನೂ ಏನೂ ಕೇಳಲಿಲ್ಲ. ಅಷ್ಟು ಉದ್ದದ ದಾರಿ ಅವಳು ಸುಮ್ಮನೆ ಕೂತದ್ದು ಅದೇ ಮೊದಲು.

ಸಮಿತಿಯ ಖೋಲಿಯಲ್ಲಿ ಉದ್ದ ಮೇಜು. ಅಧ್ಯಕ್ಷರು ರಿಟೈರ್ ಆದ ಮಾಸ್ತರು. ಪಕ್ಕದಲ್ಲಿ ಸುಂದ್ರಮ್ಮ ಅನ್ನುವ ವಕೀಲಮ್ಮ, ಸುರಪುರದ ರಂಗಂಪೇಟೆಯವರು. ಒಳಗಿನ ಖೋಲಿಯಲ್ಲಿ ಶೇಕಿ. ಬಾಗಿಲು ಮುಚ್ಚಿತ್ತು.

"ಆ ಹೆಸರು ನಾ ಹೇಳಿದ್ದುರಿ," ಅಂದಳು ಹಂಪಮ್ಮ, ಯಾರೂ ಕೇಳುವ ಮೊದಲೇ. "ಇಕಿ ಹೇಳಿಲ್ಲ. ನಾ ತಪ್ಪು ಹೇಳೀನಿ. ಇಕಿ ಗಂಡ ಸಾಬಣ್ಣ ಅಲ್ಲ."

"ಅಂದು ತಪ್ಪು ಹೇಳಿದಾಕಿ ಇವತ್ತ ಖರೇ ಹೇಳ್ತಿ ಅಂತ ಹ್ಯಾಂಗ ನಂಬೋದು?" ಅಂದರು ಅಧ್ಯಕ್ಷರು.

ಮಾತು ಸರಿಯಾಗಿತ್ತು. ಆದರೂ ಹಂಪಮ್ಮನಿಗೆ ತಡೆಯಲಾಗಲಿಲ್ಲ.

"ಒಂದು ಕೇಳ್ಲಿರಿ? ಹೆತ್ತಾಕಿ ಎದುರಿಗೆ ನಿಂತಾಳ. ಇಕಿನ್ನೂ ನಂಬಂಗಿಲ್ಲಂದ್ರ ಈ ಕಾಯ್ದೆ ಯಾರ ಕಡಿ ಅದ?"

ಸುಂದ್ರಮ್ಮ ಪೆನ್ನು ಕೆಳಗಿಟ್ಟರು. "ಕೂಸಿನ ಕಡಿ. ಬ್ಯಾರೆ ಜಿಲ್ಲಾದಾಗ ಒಬ್ಬ ಬಂದಿದ್ದನಂತ. ನಾನ ಅಪ್ಪ ಅಂತ ಅತ್ತನಂತ. ಕೂಸಿನ್ನ ಕೊಟ್ಟು ಕಳಿಸ್ಯಾರ. ಅಂವ ಅಪ್ಪ ಅಲ್ಲ. ಆ ಕೂಸು ಎಲ್ಲಿ ಹೋತು ಇವತ್ತಿಗೂ ಗೊತ್ತಿಲ್ಲ. ಅದಕ್ಕ ನಾವು ಯಾರನ್ನೂ ನಂಬಂಗಿಲ್ಲವ್ವ. ಕೇಳ್ತೀವಿ. ಮತ್ತ ಮತ್ತ ಕೇಳ್ತೀವಿ."

"ಕೇಳೋ ಚಟ ಕಾಯ್ದಿಗೂ ಅದ ಅನ್ರಿ ಹಂಗಾರ," ಅಂದಳು ಹಂಪಮ್ಮ. ವ್ಯಂಗ್ಯವಲ್ಲ. ಅವಳಿಗೆ ಅದು ಹಿಡಿಸಿತು.

ಅಧ್ಯಕ್ಷರು ಮೋನಮ್ಮನ ಕಡೆ ತಿರುಗಿದರು. "ನೀ ಹೇಳಮ್ಮ. ಗಂಡನ ಹೆಸರು."

ಮೋನಮ್ಮನ ಹಣೆಯಲ್ಲಿ ಬೆವರು. ಬಾಯಿ ತೆರೆದಳು. ಮುಚ್ಚಿದಳು. ಮಗಳು ಹೋಗುತ್ತಾಳೆ ಅಂತ ಗೊತ್ತಿದ್ದೂ ಬಾಯಿಂದ ಬರಲಿಲ್ಲ. ಮೂರು ತಿಂಗಳಿಂದ ಆತ ಕುರಿ ಹಿಂದೆ ಇದ್ದಾನೆ. ಈಗ ಬರಿಬಾಯಿಂದ ಹೆಸರು ಹಿಡಿದು, ಅವನಿಗೆ ಏನಾದರೂ ಆದರೆ? ಹಂಪಮ್ಮನ ನಾಲಿಗೆ ತುದಿಗೆ ಅಯ್ಯಣ್ಣ ಅಂತ ಬಂತು. ಕಚ್ಚಿ ಹಿಡಿದಳು. ಒಮ್ಮೆ ಹೇಳಿ ಆದದ್ದು ಸಾಕಾಗಿತ್ತು.

ಸುಂದ್ರಮ್ಮ ನಕ್ಕರು. "ನಮ್ಮವ್ವನೂ ಹಿಂಗ. ಬ್ಯಾಂಕಿನಾಗ ನಿಂತು ಬೆವರತಾಳ. ಇರ್ಲಿ, ಒಡಪ ಹಾಕಿ ಹೇಳವ್ವ."

ಮೋನಮ್ಮನ ಮುಖ ಸಡಿಲಾಯಿತು. ತಲೆ ತಗ್ಗಿಸಿ ಹೇಳಿದಳು:

"ಬೆಳ್ಳಿ ಬಟ್ಟಲಾಗ ಸಕ್ಕರಿ ಹಾಲು,
ಅಯ್ಯಣ್ಣನ ಹೆಸರು ಮುತ್ತಿನ ಸಾಲು."

"ಇದು ಎಲ್ಲಾರೂ ಹೇಳೋದು," ಅಂದರು ಅಧ್ಯಕ್ಷರು. "ಹೆಸರು ಬದಲ ಮಾಡಿದ್ರ ಮುಗೀತು. ನಮ್ಮ ಮನ್ಯಾಗೂ ಇದ."

ಸುಂದ್ರಮ್ಮ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಒಳಗೆ ಶೇಕಿಯ ದನಿ ಕೇಳಿತು, ಮಾತು ತಿಳಿಯಲಿಲ್ಲ. ಹಂಪಮ್ಮ ಕಿವಿಯನ್ನು ಎಷ್ಟು ಚಾಚಿದರೂ ತಿಳಿಯಲಿಲ್ಲ. ಆಮೇಲೆ ಒಳಗೆ ಒಂದು ಜೋರು ನಗು. ಮಗುವಿನದಲ್ಲ, ವಕೀಲಮ್ಮನದು.

ಹೊರಗೆ ಬಂದಾಗ ಮುಖ ಗಂಟಿಕ್ಕಿಕೊಂಡೇ ಬಂದರು. ಆ ಗಂಟು ಗಟ್ಟಿ ಇರಲಿಲ್ಲ.

"ನಿಮ್ಮವ್ವನ ಒಡಪ ಹೇಳು ಅಂದ್ರ, 'ಯಾವುದು, ಮಂದಿ ಮುಂದಿಂದೋ ಮನ್ಯಾಗಿಂದೋ' ಅಂತ ನಿನ್ನ ಮಗಳು ನನಗ ಕೇಳಿದ್ಳು. ಮಂದಿ ಮುಂದಿಂದು ಆತು. ಮನ್ಯಾಗಿಂದು ಹೇಳು ಈಗ."

ಮೋನಮ್ಮ ಸೆರಗನ್ನು ಪೂರಾ ಮುಖದ ಮೇಲೆ ಎಳೆದುಕೊಂಡಳು. "ಬ್ಯಾಡ್ರಿ. ಹಿರಿಯರು ಕೂತಾರ."

"ಕೂಸು ಬೇಕೋ, ಬ್ಯಾಡೋ?"

ಸೆರಗಿನ ಒಳಗಿಂದ ದನಿ ಬಂತು:

"ನೂರು ಕುರಿ ಎಣಿಸತಾನ ಒಂದ ನೋಟದಾಗ,
ನನ್ನ ಸೀರಿ ಬಣ್ಣ ತಿಳದಿಲ್ಲ ಹತ್ತ ವರ್ಷದಾಗ,
ಕಂಬಳಿ ಹೊತ್ತ ಮಲಗತಾನ ಅಯ್ಯಣ್ಣ ಬ್ಯಾಸಿಗ್ಯಾಗ!"

ಅಧ್ಯಕ್ಷರು ಕೆಮ್ಮಿದರು. ಬಾಗಿಲ ಬಳಿ ನಿಂತ ಜವಾನ ಗೋಡೆ ಕಡೆ ತಿರುಗಿದ.

"ಇದನ್ನ ಕೇಳಿ ಅಂವ ಏನಂತಾನ?" ಸುಂದ್ರಮ್ಮ ಬಿಡಲಿಲ್ಲ.

"'ಕೆಂಪು' ಅಂತಾನ್ರಿ. ಯಾವ ಸೀರಿ ಉಟ್ರೂ, 'ಗೊತ್ತದ ತಗಿ, ಕೆಂಪು' ಅಂತಾನ."

ಸುಂದ್ರಮ್ಮ ಅಧ್ಯಕ್ಷರ ಕಡೆ ನೋಡಿದರು. "ಕೂಸು ಅದೇ ಹೇಳೇದರಿ. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಕೆಂಪು ಸುದ್ದಾ. ಇದನ್ನ ಯಾವ ದಲ್ಲಾಳಿ ಕಲಿಸ್ಯಾನು?"

ಒಡಪಿನ ಮೇಲೆ ಮಗು ಕೊಡುವ ಕಾಯ್ದೆ ಇಲ್ಲ. ಅಧ್ಯಕ್ಷರು ಅದನ್ನೂ ಹೇಳಿದರು. ಅಂಗನವಾಡಿಯಾಕೆಗೆ ಮತ್ತೆ ಫೋನ್ ಹಚ್ಚಿಸಿದರು. ಈ ಸಲ ಮಕ್ಕಳು ಯಾರಿಗೆ ಅಪ್ಪ ಅನ್ನುತ್ತವೆ ಅಂತ ಕೇಳಲಿಲ್ಲ, ಶೇಖಮ್ಮನನ್ನು ಹೆತ್ತವಳು ಯಾರು ಅಂತ ಕೇಳಿದರು. "ಮೋನಮ್ಮರಿ, ಅಯ್ಯಣ್ಣನ ಹೇಣ್ತಿ. ಆ ಹೆರಗಿಗೆ ನಾನ ಇದ್ದೆ," ಅಂದಳಾಕೆ. ಇದನ್ನ ಅಂದೇ ಯಾಕೆ ಹೇಳಲಿಲ್ಲ ಅಂದರೆ, "ಅಂದು ನೀವು ಅದನ್ನ ಕೇಳಿಲ್ಲಲ್ರಿ?" ಅಂದಳು.

ಆದರೆ ಇನ್ನೊಂದು ಉಳಿದಿತ್ತು. "ಕೂಸಿನ್ನ ಒಯ್ತಿ. ನಾಳಿ ಮತ್ತ ಹೊಲದಾಗ ನಿಲ್ಲಿಸ್ತಿ," ಅಂದರು ಅಧ್ಯಕ್ಷರು.

"ಎಲ್ಲಿ ಬಿಡ್ಲಿರಿ?" ಮೋನಮ್ಮ ಏರಿಯ ಮೇಲೆ ಕೇಳಿದ್ದನ್ನೇ ಕೇಳಿದಳು.

"ನನ್ನ ಖೋಲಿ ಅದ," ಅಂದಳು ಹಂಪಮ್ಮ. "ಹತ್ತಿ ಮುಗಿಯೋ ತನಕ ವನದುರ್ಗದ ಶಾಲಿಗೆ ಹಚ್ಚತೀನಿ. ಶಾಲಿ ಬಿಟ್ಟ ಮ್ಯಾಲ ನನ್ನ ಕಡಿ. ಇಬ್ಬರೂ ಕೇಳಕೋತ ಕೂಡ್ತೀವಿ."

"ಜಾಮೀನು ನೀ ಆಗ್ತಿ? ಹೊಲದಾಗ ಕಂಡ್ರ ನಿನ್ನ ಕೇಳ್ತೀವಿ."

"ಕೇಳ್ರಿ. ಕೇಳಿಸ್ಕೊಂಡು ನೋಡ್ತೀನಿ ಒಂದಿಷ್ಟು."

ಅಧ್ಯಕ್ಷರು ಬರೆಯತೊಡಗಿದರು. "ಹೆಸರು?"

"ಹಂಪಮ್ಮ."

"ಗಂಡನ ಹೆಸರು?"

ಹಂಪಮ್ಮ ಹೇಳಬೇಕು ಅಂತ ಬಾಯಿ ತೆರೆದಳು. ಅವಳಿಗೇನು ಅಡ್ಡಿ? ಕುಂಕುಮ ಇಲ್ಲ, ಬಳೆ ಇಲ್ಲ. ಗಂಡ ಇಲ್ಲದವಳ ಪರವಾಗಿ ಯಾರೂ ಹೆಸರು ಹೇಳುವುದಿಲ್ಲ. ಅಭ್ಯಾಸಕ್ಕೆ ಕಣ್ಣು ಮಾತ್ರ ಒಮ್ಮೆ ಪಕ್ಕಕ್ಕೆ ಹೋಯಿತು.

ಮೋನಮ್ಮ ಸೆರಗು ಸರಿಸಿದಳು.

"ಮಲ್ಕಪ್ಪ ಅಂತ ಬರಕೊಳ್ರಿ," ಅಂದಳು. "ಕೆನಾಲಿನ ಮಲ್ಕಪ್ಪ. ಆ ಗೇಟಿಗೆ ಅವರದ ಹೆಸರು."

ಹಂಪಮ್ಮ ಮೋನಮ್ಮನ ಕಡೆ ನೋಡುತ್ತಲೇ ಹೆಬ್ಬೆಟ್ಟು ಒತ್ತಿದಳು. ಮಸಿ ಹರಡಿತು. ಇನ್ನೊಮ್ಮೆ ಒತ್ತಿಸಿದರು.

ಒಳಬಾಗಿಲು ತೆರೆಯಿತು. ಶೇಕಿ ಓಡಿ ಬಂದು ಅವ್ವನ ಸೊಂಟಕ್ಕೆ ಬಿದ್ದಳು. ಅತ್ತಳು. ಅಳು ಮುಗಿಯುವ ಮುಂಚೆಯೇ ತಲೆ ಎತ್ತಿ, "ಯವ್ವ, ಇಲ್ಲಿ ಎರಡು ಹೊತ್ತು ಅನ್ನ ಕೊಡ್ತಾರ. ರೊಟ್ಟಿ ಯಾಕ ಕೊಡಂಗಿಲ್ಲ?" ಅಂದಳು.

ಬಸ್ಸಿನಲ್ಲಿ ಇಬ್ಬರ ನಡುವೆ ಕೂತಳು. ಭೀಮಾ ಸೇತುವೆಯ ಮೇಲೆ ಕೇಳಿದಳು. "ಆಯಿ, ನಿನ್ನ ಒಡಪ ಯಾವುದು?"

"ನನ್ನದು ಮುಗದದವ್ವ."

"ಒಡಪ ಮುಗಿತದೇನು?"

"ಸುಮ್ಮ ಕೂಡ್ಬೇ," ಅಂತ ಮೋನಮ್ಮ ಗದರಿದಳು. ಆದರೆ ಹಂಪಮ್ಮ ಯೋಚಿಸಿದಳು. ಮುಗಿಯುತ್ತದೆಯೇ? ಇದನ್ನು ಯಾರೂ ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ. ಸೇತುವೆ ದಾಟಿತು. ಶಹಾಪುರದ ಗುಡ್ಡ ಕಂಡಿತು. ಆಗ ಹುಡುಗಿಯ ಕಿವಿಯ ಹತ್ತಿರ ಬಾಗಿ, ಸಣ್ಣಗೆ ಹೇಳಿದಳು:

"ಊರ ಹೊಲಕ್ಕೆಲ್ಲ ನೀರು ಬಿಡ್ತಾನ,
ಮನ್ಯಾನ ಕೊಡ ಖಾಲಿ ಇಡ್ತಾನ,
ಕೇಳಿದ್ರ ಮಲ್ಕಪ್ಪ ನಾಳಿ ಅಂತಾನ."

ಈ ಸಲ ಅದು ಅವನದೇ ಹೆಸರಾಗಿತ್ತು.

ಶೇಕಿ ಶಾಲೆಗೆ ಹೋದಳು. ಅಲ್ಲಿನ ಮಾಸ್ತರನಿಗೆ ಮಳೆಯ ಪ್ರಶ್ನೆ ಕೇಳಿ ತಲೆ ತಿಂದಳು. ಸಾಬಣ್ಣ ಜೋಳದ ಹೊಲದಿಂದ ಹೊರಗೆ ಬಂದ. ಆದರೆ ಹಂಪಮ್ಮನ ಕಣ್ಣು ರಸ್ತೆಯ ಮೇಲೆ ಇತ್ತು. ಅವಳಿಗೆ ಆ ಅಯ್ಯಣ್ಣನನ್ನು ನೋಡಬೇಕಿತ್ತು. ನೋಡದೆ ಊಟ ಸೇರುತ್ತಿರಲಿಲ್ಲ.

ಹತ್ತಿ ಮುಗಿಯುವ ಹೊತ್ತಿಗೆ ಏರಿಯ ಮೇಲೆ ಕುರಿ ಹಿಂಡು ಬಂತು. ಹಿಂದೆ ಒಬ್ಬ ಉದ್ದನೆಯ ಮನುಷ್ಯ, ಹೆಗಲ ಮೇಲೆ ಕಂಬಳಿ, ಅದೂ ಸುಡುವ ಬಿಸಿಲಲ್ಲಿ. "ಕಾಕಾ!" ಎಂದು ಶೇಕಿ ಓಡಿದಳು.

ಹಂಪಮ್ಮ ಅವನಿಗೆ ನೀರು ಕೊಟ್ಟಳು. ಅವನು ಕುಡಿಯುವವರೆಗೆ ಕಾದಳು. ಮೋನಮ್ಮ ಖೋಲಿಯ ಒಳಗಿದ್ದಳು. ಅವನು ಬಂದಾಗಲೇ ನೋಡಿ ಒಳಗೆ ಸರಿದಿದ್ದಳು.

"ಅಯ್ಯಣ್ಣ, ಒಂದು ಕೇಳ್ಲ್ಯಾ? ನಿನ್ನ ಹೇಣ್ತಿ ಇವತ್ತ ಯಾವ ಬಣ್ಣದ ಸೀರಿ ಉಟ್ಟಾಳ?"

ಅವನು ತಂಬಿಗೆ ಇಳಿಸಿದ. ಮಗಳ ಮುಖ ನೋಡಿದ, ಹಂಪಮ್ಮನ ಮುಖ ನೋಡಿದ, ಆಮೇಲೆ ಯಾಕೋ ಕುರಿಗಳ ಕಡೆ ನೋಡಿದ.

"ಗೊತ್ತದ ತಗಿರಿ," ಅಂದ. "ಕೆಂಪು."

ಒಳಗಿಂದ ಹಸಿರು ಸೀರೆಯ ಮೋನಮ್ಮನ ನಗು ಕೇಳಿತು.